ನಾಲ್ಕನೇ ಗೂಡಿನ ಡಿಸ್ಕು

ನನ್ನ ಸರ್ವರ್‌ಗೆ ನಾನು ಕುಂಕುಮ ಹಚ್ಚುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ವರ್ಷದ ಸಂಗತಿ ಕೇಳಿದವರೆಲ್ಲ ತಪ್ಪನ್ನು ಕುಂಕುಮದ ತಲೆಗೆ ಕಟ್ಟಿದರು. ಕುಂಕುಮ ಏನೂ ಮಾಡಲಿಲ್ಲ. ಮಾಡಿದ್ದು ನಾನು. ನಾನು ಮಾಡಿದ್ದನ್ನು ನಾನೇ ಹೇಳುತ್ತೇನೆ, ಬೇರೆಯವರ ಬಾಯಿಗೆ ಯಾಕೆ ಕೊಡಬೇಕು?

ಬೈರಿದೇವರಕೊಪ್ಪದಲ್ಲಿ ಬಣ್ಣದ ಡಬ್ಬಿ ಮಾರುವ ಅಂಗಡಿಯ ಮೇಲೆ ನನ್ನವು ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಎಸಿ ಹಾಕಿಸಿಕೊಂಡು ಕೂತಿರುವ ಸರ್ವರ್. ನಾನು ಇಂಜಿನಿಯರಿಂಗ್ ಓದಿದವಳಲ್ಲ. ಪಿಯುಸಿ ಮುಗಿಸಿ ಹುಬ್ಬಳ್ಳಿ ಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದರಲ್ಲಿ ಮೌಸ್, ಕೀಬೋರ್ಡ್ ತೆಗೆದುಕೊಡುವ ಕೆಲಸಕ್ಕೆ ನಿಂತವಳು. ಕೆಟ್ಟ ಹಾರ್ಡ್ ಡಿಸ್ಕ್‌ಗಳನ್ನು ಮಂದಿ ಅಲ್ಲಿಗೆ ಗುಜರಿ ಎಂದು ತಂದು ಹಾಕುತ್ತಿದ್ದರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವುಗಳನ್ನು ಹಚ್ಚಿ ನೋಡುವುದು ನನ್ನ ಚಟ. ಹತ್ತರಲ್ಲಿ ನಾಲ್ಕು ಬದುಕಿರುತ್ತಿದ್ದವು. ಅಳಿಸಿಹೋಯಿತು ಎಂದು ಕೈಬಿಟ್ಟ ಫೋಟೋಗಳನ್ನು ತೆಗೆದುಕೊಟ್ಟು ಎಷ್ಟೋ ಮಂದಿಯ ಮನೆಯಲ್ಲಿ ಚಹಾ ಕುಡಿದಿದ್ದೇನೆ. ಹಳೆಯ ಡಿಸ್ಕ್ ಕೊಳ್ಳುವವರಿಗೆ ಒಂದು ಮಾತು: ಮೊದಲು ರೇಟು ಕೇಳಬೇಡಿ, ಎಷ್ಟು ತಾಸು ಓಡಿದೆ ಅದನ್ನು ನೋಡಿ. ಡಿಸ್ಕು ತನ್ನ ವಯಸ್ಸನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಮಾರುವವನು ಹೇಳುವ ವಯಸ್ಸು ಅದಕ್ಕೆ ಕೂಡದಿದ್ದರೆ ಚೌಕಾಸಿಯನ್ನು ಅಲ್ಲಿಂದ ಶುರು ಮಾಡಿ.

ಹೀಗೆ ಗುದ್ದಾಡಿ, ಯಾವುದೋ ಆಫೀಸು ಮುಚ್ಚುವಾಗ ಒಂದು ದೊಡ್ಡ ಸರ್ವರ್ ಎತ್ತಿಕೊಂಡು ಬಂದೆ. ಅದರೊಳಗೆ ವರ್ಚುವಲ್ ಮಷೀನ್‌ಗಳನ್ನು ಮಾಡಿ ಬಾಡಿಗೆಗೆ ಕೊಡುವುದು ನನ್ನ ದಂಧೆ. ತಿಳಿಯದವರಿಗೆ ಹೀಗೆ ಹೇಳುತ್ತೇನೆ: ಒಂದು ದೊಡ್ಡ ವಾಡೆಯನ್ನು ಐದಾರು ಮನೆ ಮಾಡಿ ಬಾಡಿಗೆಗೆ ಕೊಟ್ಟ ಹಾಗೆ. ಒಳಗಿದ್ದವರಿಗೆ ತಮ್ಮದೇ ಸ್ವಂತ ಮನೆ ಎಂಬ ಭಾವನೆ. ಗೋಡೆಯಾಚೆ ಯಾರಿದ್ದಾರೆ ಎಂಬುದೂ ಗೊತ್ತಾಗುವುದಿಲ್ಲ. ಗಿರಾಕಿ ತನ್ನ ಅಂಗಡಿಯಲ್ಲೋ ಶಾಲೆಯಲ್ಲೋ ಕೂತು ಪರದೆಯ ಮೇಲೆ ತನ್ನ ಮಷೀನು ತೆರೆಯುತ್ತಾನೆ, ಮಷೀನು ಮಾತ್ರ ನನ್ನ ಕೋಣೆಯಲ್ಲಿರುತ್ತದೆ.

ದೊಡ್ಡ ಊರಿನ ಕಂಪನಿಗಳು ಡಿಸ್ಕ್‌ಗಳನ್ನೆಲ್ಲ ಒಂದು ರಾಶಿ ಮಾಡಿ ಅದರಲ್ಲಿ ತುಂಡು ತುಂಡು ಕತ್ತರಿಸಿ ಹಂಚುತ್ತವೆ. ನನ್ನ ರೀತಿ ಬೇರೆ. ನಮ್ಮ ಕಡೆಯ ಗಿರಾಕಿ ಬಂದು ಮೊದಲು ಕೇಳುವುದು, "ನನ್ನ ಡಿಸ್ಕ್ ಯಾವ್ದು, ತೋರಸ್ರಿ." ಕ್ಲೌಡ್‌ನಲ್ಲಿ, ಅಂದರೆ ಮೋಡದಲ್ಲಿದೆ ಎಂದರೆ ನಗುತ್ತಾನೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಇಡೀ ಡಿಸ್ಕು, ಮುಖದ ಮೇಲೆ ಅವರ ಹೆಸರಿನ ಚೀಟಿ, ಸರ್ವರ್‌ನಲ್ಲಿ ಅದನ್ನು ತಳ್ಳಿ ಕೂಡಿಸಲು ಅವರದೇ ಗೂಡು. ಆ ಗೂಡಿನಲ್ಲಿರುವ ಡಿಸ್ಕು ನೇರವಾಗಿ ಅವರ ವರ್ಚುವಲ್ ಮಷೀನಿಗೆ. ನಾಲ್ಕನೇ ಗೂಡು ಶಾಲೆಗೆ, ಐದನೆಯದು ಸ್ಟುಡಿಯೋಗೆ, ಹೀಗೆ. ಇಂಜಿನಿಯರುಗಳು ಇದನ್ನು ಕಂಡು ಹಲ್ಲು ಕಿರಿದರೆ ಕಿರಿಯಲಿ. ನನ್ನ ಗಿರಾಕಿಗಳು ನನ್ನನ್ನು ನಂಬಿದ್ದು ಡಿಸ್ಕನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆ.

ಆದರೆ ಒಂದು ಸುಲಭದ ದಾರಿ ಹಿಡಿದಿದ್ದೆ. ಪ್ರತಿ ಡಿಸ್ಕಿನ ಮೇಲೂ ಕಾರ್ಖಾನೆಯವರು ಹಾಕಿದ ಸೀರಿಯಲ್ ನಂಬರ್ ಇರುತ್ತದೆ. ಆ ನಂಬರನ್ನು ಹಿಡಿದು ಮಷೀನಿಗೆ ಕಟ್ಟಬೇಕು. ಆಗ ಡಿಸ್ಕು ಯಾವ ಗೂಡಿಗೆ ಹೋದರೂ ತನ್ನ ಮಷೀನನ್ನೇ ಸೇರುತ್ತದೆ. ಅದು ನನಗೆ ಗೊತ್ತಿತ್ತು. ಗೂಡು ನೋಡಿ ಕಟ್ಟುವುದು ಎರಡು ನಿಮಿಷದ ಕೆಲಸ ಎಂದು ಹಾಗೆಯೇ ಬಿಟ್ಟಿದ್ದೆ.

ನಾಲ್ಕನೇ ಗೂಡಿನವರು ಧಾರವಾಡದ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿಸುವ ಅಕ್ಕೋರು. ನಿವೃತ್ತಿಗೆ ಹತ್ತಿರ ಬಂದವರು. ಹನ್ನೆರಡು ವರ್ಷದಿಂದ ಒಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಕಿವುಡರಿರುವ ಮನೆಗಳಿಗೆ ಹೋಗಿ, ಆ ಮನೆಯವರು ಕೈಯಲ್ಲಿ ಹೇಗೆ ಮಾತಾಡುತ್ತಾರೆ ಎಂಬುದನ್ನು ಹಿಡಿದಿಡುತ್ತಿದ್ದರು. ರೊಟ್ಟಿಗೆ ಒಂದು ಮನೆಯಲ್ಲಿ ಒಂದು ಸನ್ನೆ, ಇನ್ನೊಂದು ಮನೆಯಲ್ಲಿ ಇನ್ನೊಂದು. ಮುನಿಸಿಗೆ, ಮಳೆಗೆ, ಸೋದರಮಾವನಿಗೆ ಎಲ್ಲದಕ್ಕೂ.

"ಪುಸ್ತಕದಾಗಿನ ಸನ್ನೆ ಎಲ್ಲೋ ದೂರದಾಗ ಕುಂತು ಮಾಡಿದ್ದು, ತಂಗಿ," ಎಂದು ಮೊದಲ ದಿನವೇ ಹೇಳಿದ್ದರು. "ನಮ್ಮ ಮಂದಿ ಕೈ ಬ್ಯಾರೇನ ಮಾತಾಡ್ತಾವ. ಅವನ್ನೆಲ್ಲಾ ಕೂಡಿಸಿ ಒಂದು ನಿಘಂಟು ಮಾಡಬೇಕು ಅಂತ ನನ್ನ ಹಟ."

ಆ ಹಟವೆಲ್ಲ ಒಂದೇ ಎಂಟು ಟಿಬಿ ಡಿಸ್ಕಿನಲ್ಲಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಅವರು ಅಳಿಸಿ ಅಳಿಸಿ ಮತ್ತೆ ಬಳಸಿದ್ದರು. ಎರಡು ಡಿಸ್ಕ್ ಇಡ್ರಿ ಎಂದು ಊರಿಗೆಲ್ಲ ಹೇಳುವವಳು ನಾನು. ಅವರ ಶಾಲೆಗೆ ಒಂದಕ್ಕೇ ಮಂಜೂರಿ ಸಿಕ್ಕಾಗ, "ಇರಲಿ ಅಕ್ಕೋರ, ಎರಡನೇದು ಮುಂದಿನ ವರ್ಷ ನೋಡೂಣು," ಎಂದುಬಿಟ್ಟಿದ್ದೆ. ನಿಮಗೆ ಯಾರಾದರೂ ಡಿಸ್ಕಿನ ವಿಷಯದಲ್ಲಿ ಮುಂದಿನ ವರ್ಷ ಎಂದರೆ ಎದ್ದು ಬನ್ನಿ, ಹೇಳಿದವಳು ನಾನಾಗಿದ್ದರೂ ಸರಿ.

ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ನಾನು ಸರ್ವರ್ ಬಂದ್ ಮಾಡುತ್ತೇನೆ. ಡಿಸ್ಕ್‌ಗಳನ್ನೆಲ್ಲ ಹೊರಗೆ ತೆಗೆದು ಹೊಸ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಧೂಳು ಒರೆಸಿ, ವಿಭೂತಿ, ಕುಂಕುಮ, ಒಂದೊಂದು ಚೆಂಡು ಹೂವು. ಗಿರಾಕಿಗಳಲ್ಲಿ ಬರುವವರು ಬಂದು ತಮ್ಮ ತಮ್ಮ ಡಿಸ್ಕಿಗೆ ಕೈ ಮುಗಿದು ಹೋಗುತ್ತಾರೆ. ಕಮ್ಮಾರ ಸುತ್ತಿಗೆಗೆ, ಚಾಲಕ ಗಾಡಿಗೆ ಮಾಡುವುದನ್ನು ನಾನು ಡಿಸ್ಕಿಗೆ ಮಾಡುತ್ತೇನೆ. ಅನ್ನ ಕೊಡುವುದು ಅದೇ.

ಆ ವರ್ಷ ಸ್ಟುಡಿಯೋದವರು ಹೊಸ ಡಿಸ್ಕನ್ನು ಡಬ್ಬಿ ಸಮೇತ ಹಿಡಿದುಕೊಂಡು ಬಂದರು. ಮದುವೆ ವಿಡಿಯೋ ತೆಗೆಯುವ ಐವತ್ತರ ಆಸುಪಾಸಿನ ಮನುಷ್ಯ, ಒಳ್ಳೆಯ ಗಿರಾಕಿ, ಅಷ್ಟೇ ಗಡಿಬಿಡಿ. ಹಳೆಯದು ತುಂಬಿತ್ತು. ಹೊಸದನ್ನು ಇವತ್ತೇ ಹಚ್ಚಬೇಕೆಂದು ಮುಹೂರ್ತ ಕೇಳಿಕೊಂಡು ಬಂದಿದ್ದರು. ಅದಕ್ಕೆಂದು ಐದನೇ ಗೂಡನ್ನು ಖಾಲಿ ಮಾಡಿ ಅವರ ಹಳೆಯ ಡಿಸ್ಕನ್ನು ಆರಕ್ಕೆ ಸರಿಸಿದ್ದೆ. ಹೊಸದನ್ನೂ ಕಂಬಳಿಯ ಮೇಲಿಟ್ಟೆವು. ಅಕ್ಕೋರದ್ದೂ ಅದೇ ಕಂಪನಿಯದು, ಅಷ್ಟೇ ಟಿಬಿಯದು. ಚೀಟಿಗಳ ಮೇಲೆಲ್ಲ ವಿಭೂತಿ ಬಳಿದು ಅಕ್ಷರ ಮುಚ್ಚಿಹೋಗಿತ್ತು.

"ಅಕ್ಕಾರ, ಇದನ್ನ ನನ್ನ ಕೈಲೆ ಹಾಕ್ತೇನಿ ನೋಡ್ರಿ. ಮುಹೂರ್ತ ಮುಗಿಯಾಕ ಬಂತು," ಎಂದು ನನ್ನನ್ನು ಅವಸರಿಸಿದರು.

"ಹಾಕ್ರಿ ಅಣ್ಣಾರ, ಮೆತ್ತಗ ಒತ್ರಿ. ಐದನೇದು."

ನಾನು ಅತ್ತ ತಟ್ಟೆಯಲ್ಲಿ ಪೇಢೆ, ಬಾಳೆಹಣ್ಣು ಹಚ್ಚುತ್ತಿದ್ದೆ. ಅವರು ಕಂಬಳಿಯಿಂದ ಒಂದನ್ನು ಎತ್ತಿ ಐದಕ್ಕೆ ಹಾಕಿದರು. ಉಳಿದದ್ದನ್ನು ನಾನು ನಾಲ್ಕಕ್ಕೆ ತಳ್ಳಿದೆ. ವಿಭೂತಿ ಒರೆಸಿ ಚೀಟಿ ಓದಲಿಲ್ಲ. ಸರ್ವರ್ ಚಾಲೂ ಆಯಿತು, ಎಲ್ಲ ಹಸಿರು ದೀಪ. ಪೇಢೆ ತಿಂದು ಎಲ್ಲರೂ ಹೋದರು.

ಮಧ್ಯಾಹ್ನ ಮೂರಕ್ಕೆ ಅಕ್ಕೋರ ಫೋನು ಬಂತು. ಹಬ್ಬದ ದಿನವೂ ಅವರು ನಿಘಂಟಿನ ಮುಂದೆಯೇ ಕೂತಿದ್ದರು.

"ತಂಗಿ, ನನ್ನ ಮಷೀನ್ ತೆರೀತು. ಆದ್ರ ವಿಡಿಯೋ ಒಂದೂ ಕಾಣವಲ್ದು. ಡಿಸ್ಕ್ ಖಾಲಿ ಅನ್ನಾಕತ್ತೈತಿ. ನಾನೇನರ ತಪ್ಪ ಒತ್ತಿದ್ನೇನು?"

ಖಾಲಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕಂಬಳಿ ಕಣ್ಣ ಮುಂದೆ ಬಂತು. ಅಕ್ಕೋರದು ಐದರಲ್ಲಿದೆ. ಅಂದರೆ ಸ್ಟುಡಿಯೋದವರ ಮಷೀನಿಗೆ ಸಿಕ್ಕಿದೆ. ಅವರದು ವಿಂಡೋಸ್, ಶಾಲೆಯದು ಲಿನಕ್ಸ್. ಲಿನಕ್ಸಿನ ಬರವಣಿಗೆ ವಿಂಡೋಸಿಗೆ ಓದಲು ಬರುವುದಿಲ್ಲ. ಓದಲು ಬಾರದ ಡಿಸ್ಕ್ ಕಂಡರೆ ವಿಂಡೋಸ್ ಕೇಳುವುದು ಒಂದೇ: ಫಾರ್ಮ್ಯಾಟ್ ಮಾಡಲೇ? ಹೊಸ ಡಿಸ್ಕ್ ತಂದವರು ಹೌದು ಎನ್ನದೆ ಇನ್ನೇನು ಅನ್ನುತ್ತಾರೆ?

ಅಕ್ಕೋರಿಗೆ ಏನೂ ಒತ್ತಬೇಡಿ ಎಂದು ಹೇಳಿ, ಮೊದಲು ಐದನೇ ಗೂಡಿನ ಡಿಸ್ಕನ್ನು ಸ್ಟುಡಿಯೋ ಮಷೀನಿನಿಂದ ಬಿಡಿಸಿದೆ. ವರ್ಚುವಲ್ ಮಷೀನಿನ ಒಂದು ಒಳ್ಳೆಯ ಗುಣ ಇದು, ಯಾರನ್ನೂ ಕೇಳದೆ ಒಂದು ಸಾಲು ಬರೆದು ಡಿಸ್ಕ್ ಕಸಿದುಕೊಳ್ಳಬಹುದು. ಆಮೇಲೆ ಸ್ಟುಡಿಯೋದವರಿಗೆ ಫೋನು ಹಚ್ಚಿದೆ. ಅವರೇ ಮೊದಲು ಮಾತು ತೆಗೆದರು.

"ಅಕ್ಕಾರ, ಡಿಸ್ಕ್ ಮಾಯ ಆತಲ್ರಿ. ಫಾರ್ಮ್ಯಾಟ್ ಆಗಿ, ಮೊದ್ಲಿಗೆ ದೇವರ ಫೋಟೋ ಹಾಕಿ, ಮದುವಿ ಕಾಪಿ ಹಚ್ಚಿದ್ದೆ. ಮಾಂಗಲ್ಯಧಾರಣೆ ಇನ್ನೂ ಮುಗಿದಿಲ್ಲ."

"ಎಷ್ಟು ಹೊತ್ತಾತ್ರಿ ಹಚ್ಚಿ?"

"ಒಂದು ಹತ್ತು ನಿಮಿಷ."

ಹತ್ತು ನಿಮಿಷ. ಹನ್ನೆರಡು ವರ್ಷದ ಮೇಲೆ ಹತ್ತು ನಿಮಿಷದ ಮದುವೆ. ಬರ್ರಿ ಎಂದೆ. ಬಂದರು.

ಅವರು ಬರುವಷ್ಟರಲ್ಲಿ, ನನಗೆ ಸರ್ವರ್ ಸಾಮಾನು ಮಾರುವ ಬೆಂಗಳೂರಿನ ತಜ್ಞರೊಬ್ಬರಿಗೆ ಫೋನು ಮಾಡಿ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

"ಏನ್ ಮೇಡಂ, ಸರ್ವರ್‌ಗೂ ಕುಂಕುಮ ಇಡ್ತೀರಾ ನೀವು? ಫಾರ್ಮ್ಯಾಟ್ ಆಗಿ ಮೇಲೆ ಬರೆದೂ ಆಗಿದೆ ಅಂದ್ರೆ ಮುಗೀತು. ಬ್ಯಾಕಪ್ ಇದ್ರೆ ಹಾಕಿ, ಇಲ್ಲಾಂದ್ರೆ ಕಸ್ಟಮರ್‌ಗೆ ಡಿಸ್ಕ್ ಕೆಟ್ಟೋಯ್ತು ಅಂತ ಹೇಳಿ. ಎಲ್ಲರೂ ಅದೇ ಹೇಳೋದು."

"ಡಿಸ್ಕ್ ಕೆಟ್ಟಿಲ್ರಿ, ಛಲೋ ಐತಿ. ಕೆಟ್ಟಾಕಿ ನಾನು," ಎಂದೆ.

"ಟೈಮ್ ವೇಸ್ಟ್ ಮಾಡ್ಕೋಬೇಡಿ ಅಷ್ಟೇ."

"ಟೈಮ್ ನಂದೈತಲ್ರಿ, ನಿಮ್ದೇನು ಹೊಂಟೈತಿ?"

ಫೋನಿಟ್ಟೆ. ಗುಜರಿ ಡಿಸ್ಕ್‌ಗಳ ನಡುವೆ ಬೆಳೆದವಳಿಗೆ ಒಂದು ಗೊತ್ತಿತ್ತು. ಗಡಿಬಿಡಿಯ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿ ಹರಿದುಹಾಕಿದಂತೆ. ಒಳಗಿನ ಪುಟಗಳು ಅಲ್ಲೇ ಇರುತ್ತವೆ. ಮದುವೆ ಎಲ್ಲಿ ಬಿದ್ದಿದೆಯೋ ಅಷ್ಟು ಪುಟ ಮಾತ್ರ ಹೋಗಿರುತ್ತವೆ. ಅಲ್ಲದೆ ಲಿನಕ್ಸಿನ ಬರವಣಿಗೆಯಲ್ಲಿ ಆ ಪರಿವಿಡಿಯ ಮುಖ್ಯ ಭಾಗದ ನಕಲುಗಳನ್ನು ಡಿಸ್ಕಿನ ಉದ್ದಕ್ಕೂ ಅಲ್ಲಲ್ಲಿ ಇಟ್ಟಿರುತ್ತಾರೆ. ಮೊದಲನೆಯದು ಹೋದರೆ ಎರಡನೆಯದನ್ನು ಹಿಡಿದು ಓದಬಹುದು.

ಆದರೆ ಅಸಲಿ ಡಿಸ್ಕಿನ ಮೇಲೆ ಕೈಯಾಡಿಸಬಾರದು. ಇದನ್ನು ಬರೆದಿಟ್ಟುಕೊಳ್ಳಿ. ಮೊದಲು ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಇನ್ನೊಂದಕ್ಕೆ ಇಳಿಸಿಕೊಂಡು, ಆ ನಕಲಿನ ಮೇಲೆ ರಿಪೇರಿ ಮಾಡಬೇಕು. ಕೆಟ್ಟರೆ ನಕಲು ಕೆಡಲಿ. ಅದಕ್ಕೆ ಬೇಕಾದದ್ದು ಎಂಟು ಟಿಬಿಯ ಇನ್ನೊಂದು ಖಾಲಿ ಡಿಸ್ಕು. ಅವತ್ತು ಖಂಡೇಪೂಜೆ, ಮರುದಿನ ಬನ್ನಿ ಹಬ್ಬ, ಪೇಟೆಯೆಲ್ಲ ಬಂದ್. ಅಷ್ಟು ದೊಡ್ಡ ಖಾಲಿ ಡಿಸ್ಕು ನನ್ನ ಕೋಣೆಯಲ್ಲಿ ಇದ್ದದ್ದು ಒಂದೇ, ನಾಲ್ಕನೇ ಗೂಡಿನಲ್ಲಿ ಕೂತಿದ್ದ ಸ್ಟುಡಿಯೋದವರ ಹೊಸದು.

ಸ್ಟುಡಿಯೋದವರು ಬಂದು ಕೂತರು. ವಿಷಯ ತಿಳಿದಾಗ ಮುಖ ಇಳಿಯಿತು. ಡಿಸ್ಕ್ ಕೇಳಿದಾಗ ಮತ್ತೆ ಏರಿತು.

"ಅದೆಂಗ ಆಗ್ತೈತ್ರಿ? ಹೊಸಾದ್ದು, ಪೂಜಾ ಆದದ್ದು. ಮೊದ್ಲು ತುಂಬೂದು ಲಗ್ನ ಇರಬೇಕು ಅಂತ ನಾ ತಂದದ್ದು. ಬ್ಯಾರೇದವರ ಕೆಟ್ಟಿದ್ದೆಲ್ಲಾ ಅದರಾಗ ಸುರೂತೀರಿ?"

"ಎರಡು ದಿನ ಕೊಡ್ರಿ. ಆಮ್ಯಾಲ ತೊಳದ ಪಾತ್ರಿ ಹಂಗ ಖಾಲಿ ಮಾಡಿ ಕೊಡ್ತೇನಿ."

"ಬ್ಯಾಡ್ರಿ. ಅಕ್ಕೋರಿಗೆ ಡಿಸ್ಕ್ ಸುಟ್ಟತಿ ಅಂತ ಹೇಳ್ರಿ. ಮಷೀನ್ ಅಂದ್ರ ಸುಡ್ತಾವ. ಪಾಪ, ಅವರೂ ನಂಬ್ತಾರ. ನನ್ನ ಹೆಸರಂತೂ ಅದರಾಗ ಬರಬಾರದು ನೋಡ್ರಿ, ನನ್ನ ಸೊಸಿ ಅದ ಸಾಲ್ಯಾಗ ಕಲಸ್ತಾಳ."

ಚೌಕಾಸಿಯಲ್ಲಿ ನನ್ನ ಒಂದೇ ವಿದ್ಯೆ: ಎದುರಿನವರು ಬಾಯಿಬಿಟ್ಟು ಕೇಳಿದ್ದನ್ನು ಬಿಟ್ಟು, ಅವರ ಹೊಟ್ಟೆಯೊಳಗೆ ಕುದಿಯುತ್ತಿರುವುದು ಏನೆಂದು ಹುಡುಕುವುದು. ಮುಹೂರ್ತಕ್ಕೆ ಅವರು ಅಷ್ಟು ಅಂಜಿರಲಿಲ್ಲ. ಅಂಜಿದ್ದು ಹೆಸರಿಗೆ.

"ಅಣ್ಣಾರ, ಕೇಳ್ರಿ. ಸುಟ್ಟತಿ ಅಂತ ನಾ ಹೇಳಂಗಿಲ್ಲ. ನಾ ಹೇಳೂದು ಇಷ್ಟ: ಚೀಟಿ ಓದದ ಡಿಸ್ಕ್ ಹಾಕಿದ್ದು ನಾನು, ಗೂಡು ನಂಬಿ ಕಟ್ಟಿದ್ದು ನಾನು, ಅದರಾಗ ಬ್ಯಾರೆ ಯಾರೂ ಇಲ್ಲ. ಇದು ಖರೇನೂ ಹೌದು. ನಿಮ್ಮ ಹೆಸರು ನನ್ನ ಬಾಯಾಗ ಬರಂಗಿಲ್ಲ. ಅದಕ್ಕ ನೀವು ಎರಡು ದಿನ ಡಿಸ್ಕ್ ಕೊಡ್ರಿ."

ಅವರು ಬಾಳೆಹಣ್ಣಿನ ತಟ್ಟೆ ನೋಡುತ್ತ ಕೂತರು.

"ಕೊಡ್ಲಿಲ್ಲಂದ್ರ?"

"ಆಗೂ ನಿಮ್ಮ ಹೆಸರು ಹೇಳಂಗಿಲ್ಲ. ಆದ್ರ ಮುಂದ ನೀವು ಸೊಸಿ ಮುಂದ ಕುಂತು ಊಟ ಮಾಡುವಾಗ ನಾ ನೆನಪಾಗ್ತೇನಿ."

"ಭಾರಿ ಹೆಣಮಗಳು ನೀವು," ಎಂದು ಎದ್ದರು. "ತಗೋರಿ. ಎರಡ ದಿನ. ಮೂರನೇ ದಿನಕ್ಕ ನಾ ಇಲ್ಲೇ ಬಂದು ಕುಂದ್ರಾಂವ."

ನಕಲು ಹಚ್ಚಿದೆ. ಎಂಟು ಟಿಬಿ ಎಂದರೆ ಕೊಡ ಕೊಡವಾಗಿ ಕೆರೆ ತುಂಬಿಸಿದ ಹಾಗೆ, ಹದಿನೈದು ಹದಿನಾರು ತಾಸು. ಅದು ಓಡುತ್ತಿರುವಾಗಲೇ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದು. ಅಕ್ಕೋರು ಬಾಗಿಲಲ್ಲೇ ಕೇಳಿದರು, ನಾನು ನಿಂತಲ್ಲೇ ಹೇಳಿದೆ. ಎಲ್ಲ. ಸ್ಟುಡಿಯೋದವರ ಹೆಸರೊಂದನ್ನು ಬಿಟ್ಟು.

ಅವರು ಬೈಯಲಿಲ್ಲ. ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ಎಷ್ಟು ಬರ್ತಾವ, ತಂಗಿ?"

"ಗೊತ್ತಿಲ್ರಿ ಅಕ್ಕೋರ. ಬರೂದಷ್ಟನ್ನ ಒಂದೂ ಬಿಡದ ತರ್ತೇನಿ."

"ಬರಲಿಲ್ಲಂದ್ರ?"

"ನಿಮ್ಮ ಕ್ಯಾಮೆರಾ ಸ್ಟ್ಯಾಂಡ್ ನಾ ಹೊರ್ತೇನಿ. ಮತ್ತ ಹಳ್ಳಿ ಹಳ್ಳಿ ತಿರಗೂಣು."

"ಹನ್ನೆರಡು ವರ್ಷ ಹೊರ್ತೀಯೇನು?" ಎಂದರು. ನಗಲಿಲ್ಲ. ರಾತ್ರಿಯ ಬಸ್ಸಿಗೆ ನಾನು ವಾಪಸಾದೆ.

ಮರುದಿನ ಮುಂಜಾನೆ ನಕಲು ಮುಗಿದಿತ್ತು. ಜನ ಬನ್ನಿ ಎಲೆ ಹಿಡಿದು ಮನೆ ಮನೆಗೆ ತಿರುಗುತ್ತಿದ್ದರೆ ನಾನು ಬಾಗಿಲು ಮುಂದೆ ಮಾಡಿಕೊಂಡು ಕೂತೆ. ರಿಪೇರಿ ಪ್ರೋಗ್ರಾಮಿಗೆ, ಮೊದಲ ಪರಿವಿಡಿ ನೋಡಬೇಡ, ಪರಿವಿಡಿಯ ಮುಂದಿನ ನಕಲಿನಿಂದ ಶುರು ಮಾಡು ಎಂದು ಹೇಳಿದೆ. ಮೊದಲ ನಕಲು ಒಲ್ಲೆ ಎಂದಿತು. ಎರಡನೆಯದೂ. ತಜ್ಞರ ನಗು ಕಿವಿಯಲ್ಲಿ ಕೇಳಿಸಿತು. ಮೂರನೆಯದಕ್ಕೆ ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಇದು ಸರಿ ಇಲ್ಲ, ಸರಿಪಡಿಸಲೇ, ಅದು ಸರಿ ಇಲ್ಲ, ಸರಿಪಡಿಸಲೇ ಎಂದು ಕೇಳುತ್ತಲೇ ಹೋಯಿತು. ಹೂಂ ಎನ್ನುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಊರುಗಳ ಹೆಸರಿನ ಫೋಲ್ಡರುಗಳು ಒಂದೊಂದೇ ಕಾಣಿಸಿಕೊಂಡವು. ಒಂದನ್ನು ಒತ್ತಿದೆ. ಅಂಗಳದಲ್ಲಿ ಕೂತ ಒಬ್ಬ ತಂದೆ ಮಗಳಿಗೆ ಕೈಯಿಂದ ಏನೋ ಹೇಳುತ್ತಿದ್ದ, ಮಗಳು ಒಪ್ಪದೆ ತಲೆ ಅಲ್ಲಾಡಿಸುತ್ತಿದ್ದಳು. ಏನು ಹೇಳಿದನೋ ತಿಳಿಯಲಿಲ್ಲ. ಎರಡು ಸಲ ನೋಡಿದೆ.

ಆದರೆ ಎಲ್ಲವೂ ಬರಲಿಲ್ಲ. ಸುಮಾರು ಮುನ್ನೂರು ವಿಡಿಯೋ ಹೆಸರು ಕಳೆದುಕೊಂಡು, ಬರೀ ನಂಬರು ಹೊತ್ತು, ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮೂವತ್ತೊಂದು ಪೂರ್ತಿ ಹೋಗಿದ್ದವು. ಅವುಗಳ ಜಾಗದಲ್ಲಿ ಮದುವೆ ಇತ್ತು.

ಅಕ್ಕೋರು ಬಂದು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನಂಬರಿನ ರಾಶಿಯಿಂದ ಒಂದೊಂದೇ ತೆರೆಯುವುದು, ಕೈ ನೋಡಿ ಇದು ಇಂಥ ಊರು, ಇಂಥ ಮನೆ ಎಂದು ಅವರು ಹೇಳುವುದು, ನಾನು ಹೆಸರು ಹಾಕುವುದು. ಮುಖ ಕಾಣದ ವಿಡಿಯೋಗಳಲ್ಲೂ ಬರೀ ಬೆರಳು ನೋಡಿ ಮನುಷ್ಯರನ್ನು ಹೇಳುತ್ತಿದ್ದರು. ಹೋದ ಮೂವತ್ತೊಂದರ ಪಟ್ಟಿಯನ್ನು ಅವರೇ ಕೈಯಿಂದ ಬರೆದರು.

"ಇವೆಲ್ಲಾ ಒಬ್ಬಾಕಿವ," ಎಂದರು. "ಗರಗದಾಕಿ. ನೂಲು ತೆಗೀತಾಳ. ರಾಟಿ ಕೆಲಸದ್ದು ಒಂದೊಂದಕ್ಕೂ ಆಕಿ ತಾನ ಸನ್ನಿ ಹುಟ್ಟಿಸ್ಯಾಳ. ಅವು ಮತ್ಯಾರ ಕೈಯಾಗೂ ಇಲ್ಲ."

"ಅದಾಳಿಲ್ರಿ?"

"ಅದಾಳ. ಸಿಟ್ಟಿನ ಹೆಣಮಗಳು. ಮೊದ್ಲ ಸಲಾನ ಮೂರು ಸರ್ತಿ ಹೋದ ಮ್ಯಾಲ ಒಪ್ಪಿದ್ಲು."

ಸಿಕ್ಕ ವಿಡಿಯೋಗಳನ್ನು ರಾತ್ರಿಯೆಲ್ಲ ಅಕ್ಕೋರ ಡಿಸ್ಕಿಗೇ ಮರಳಿ ಇಳಿಸಿ, ಸ್ಟುಡಿಯೋದವರ ಡಿಸ್ಕನ್ನು ಮೂರನೇ ದಿನ ಮುಂಜಾನೆ ಖಾಲಿ ಮಾಡಿ ಕೊಟ್ಟೆ. ಅಷ್ಟರಲ್ಲಿ ಪೇಟೆ ತೆರೆದಿತ್ತು, ಶಾಲೆಗೆ ಎರಡು ಡಿಸ್ಕು ನಾನೇ ತಂದು ಹಚ್ಚಿದೆ. ಎಲ್ಲ ಡಿಸ್ಕ್‌ಗಳನ್ನೂ ಸೀರಿಯಲ್ ನಂಬರ್ ಹಿಡಿದು ಕಟ್ಟಿದೆ. ತಜ್ಞರು ಮತ್ತೆ ಫೋನು ಮಾಡಿ ಏನಾಯಿತು ಎಂದು ಕೇಳಿದರು. ಹೇಳಿದೆ. "ಲಕ್ ಮೇಡಂ," ಎಂದರು. ಇನ್ನಾದರೂ ಪೂಜೆ ನಿಲ್ಲಿಸಿ ಎಂದರು. ನಿಲ್ಲಿಸಿಲ್ಲ. ಈಗ ವಿಭೂತಿಯನ್ನು ಚೀಟಿ ಬಿಟ್ಟು ಹಚ್ಚುತ್ತೇನೆ, ಅಷ್ಟೇ.

ಮುಂದಿನ ವಾರ ಕ್ಯಾಮೆರಾ ಸ್ಟ್ಯಾಂಡ್ ಹೊತ್ತು ಅಕ್ಕೋರ ಹಿಂದೆ ಗರಗಕ್ಕೆ ಹೋದೆ. ಆಕೆ ರಾಟಿಯ ಮುಂದೆ ಕೂತಿದ್ದಳು. ಅರವತ್ತು ದಾಟಿರಬಹುದು. ಅಕ್ಕೋರು ಕೈಯಿಂದ ವಿಷಯ ತಿಳಿಸಿದರು. ಆಕೆ ರಾಟಿ ನಿಲ್ಲಿಸಿ, ಒಮ್ಮೆ ಕ್ಯಾಮೆರಾ ನೋಡಿ, ಒಮ್ಮೆ ಅಕ್ಕೋರನ್ನು ನೋಡಿ ಏನೋ ಕೇಳಿದಳು. ಅದು ನನಗೂ ತಿಳಿಯಿತು. ಯಾರು ಕಳೆದದ್ದು?

ನಾನು ಸ್ಟ್ಯಾಂಡ್ ಕೆಳಗಿಟ್ಟು ನನ್ನ ಎದೆಗೆ ಬೆರಳಿಟ್ಟು ತೋರಿಸಿದೆ.

ಆಕೆ ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದಳು. ಆಮೇಲೆ ಎರಡೂ ಕೈಯಿಂದ, ಜೋರಾಗಿ, ಒಂದು ದೊಡ್ಡ ಮಾತು ಹೇಳಿದಳು. ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡರು. ಇಷ್ಟು ದಿನದಲ್ಲಿ ಅವರು ನಕ್ಕದ್ದು ಅವತ್ತೇ.

"ಏನಂದ್ಲ್ರಿ?"

"ಬಿಡು ತಂಗಿ. ಅದು ಹೇಳೂವಂಥಾದ್ದಲ್ಲ."

"ಕ್ಯಾಮೆರಾ ಚಾಲೂ ಇತ್ತೋ ಇಲ್ಲೋ?"

"ಇತ್ತು. ಬಂದ ಕೂಡ್ಲೆ ಚಾಲೂ ಮಾಡ್ತೇನಿ ನಾ."

"ಹಂಗಾರ ಅದನ್ನೂ ನಿಘಂಟಿನ್ಯಾಗ ಹಾಕ್ರಿ," ಎಂದೆ. "ಎರಡೂ ಡಿಸ್ಕಿನ್ಯಾಗ."